ಸೇತುವೆಯ ಏರಿನಲ್ಲಿ ಹಳದಿ ದೀಪ

ತಿರುಚ್ಚಿ ರಸ್ತೆಯ ಮೇಲ್ಸೇತುವೆಯನ್ನು ಅರ್ಧ ಏರುವ ಹೊತ್ತಿಗೆ ಬಂಡಿ ಸೋತಿತು. ಎಂಜಿನ್ ನಿಲ್ಲಲಿಲ್ಲ, ಆದರೆ ಸರಣ್ಯಾ ಎಷ್ಟು ಒತ್ತಿದರೂ ಕಸುವು ಬರಲಿಲ್ಲ. ಈರುಳ್ಳಿ ಮೂಟೆ ಹೊತ್ತ ಪಿಕಪ್ಪು ಬಸುರಿ ಎಮ್ಮೆಯ ಹಾಗೆ ತೆವಳತೊಡಗಿತು. ಅವಳ ಕಣ್ಣ ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು.

"ಬಂತು ಅತ್ತೆ."

"ಬರಲಿ ಬಿಡು. ಅದನ್ನ ನೋಡೋಕೇ ತಾನೆ ನಾನು ಬಂದಿರೋದು," ಎಂದಳು ಪಕ್ಕದಲ್ಲಿ ಕೂತಿದ್ದ ಬೆಳ್ಳಿಯಮ್ಮ.

ಹಿಂದಿನ ಬಸ್ಸು ಹಾರ್ನ್ ಹೊಡೆದು ಹೊಡೆದು ಕೊನೆಗೆ ಪಕ್ಕಕ್ಕೆ ಬಂತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ಅಡುಗೆಮನೆ ಬಿಟ್ಟು ರಸ್ತೆಗೆ ಯಾಕಮ್ಮಾ ಬಂದೆ ಎಂದು ತಮಿಳಿನಲ್ಲಿ ಕೂಗಿದ. ಬೆಳ್ಳಿಯಮ್ಮ ಅವನಿಗಿಂತ ಮುಂದಕ್ಕೆ ತಲೆ ಹಾಕಿ ಅದೇ ತಮಿಳಿನಲ್ಲಿ ಕೇಳಿದಳು: "ಯಾಕಪ್ಪಾ, ನಿನ್ನ ಮನೆ ಸಾಂಬಾರಿಗೆ ಈರುಳ್ಳಿ ಬೇಡವಾ?"

ಸರಣ್ಯಾ ಬಂಡಿಯನ್ನು ರಸ್ತೆಯ ಅಂಚಿಗೆ ತಂದು, ಎಂಜಿನ್ ಆರಿಸಿ ಮತ್ತೆ ಹೊತ್ತಿಸಿದಳು. ಏನೂ ಆಗೇ ಇಲ್ಲವೆಂಬಂತೆ ಕಸುವು ಮರಳಿತು. ದೀಪ ಮಾತ್ರ ಉರಿಯುತ್ತಲೇ ಇತ್ತು.

ಬಂಡಿ ಬೆಳ್ಳಿಯಮ್ಮನ ಮಗ ಮೋಹನ್ ರಾಜನದು. ಕಳೆದ ವರ್ಷ ಜ್ವರವೆಂದು ಮಲಗಿದವನು ಆಸ್ಪತ್ರೆಯಿಂದ ಹೆಣವಾಗಿ ತಮ್ಮೂರು ತೊಂಡಾಮುತ್ತೂರಿಗೆ ಬಂದ. ಎತ್ತರದ ಆಳು. ಅವನು ಹಿಂದಕ್ಕೆ ತಳ್ಳಿಟ್ಟಿದ್ದ ಸೀಟನ್ನು ಹೆಂಡತಿ ಸರಣ್ಯಾ ಇನ್ನೂ ಮುಂದಕ್ಕೆ ಎಳೆದಿಲ್ಲ. ಬೆನ್ನಿಗೆ ದಿಂಬು ಕೊಟ್ಟುಕೊಂಡು ಓಡಿಸುತ್ತಾಳೆ. ಅವಳಿಗೆ ಓಡಿಸಲು ಕಲಿಸಿದವನೂ ಅವನೇ. ಮೂರು ತಿಂಗಳ ಸೂತಕದ ಮೌನ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳು ಬೀಗದ ಕೈ ತೆಗೆದುಕೊಂಡು, "ಅತ್ತೆ, ಈರುಳ್ಳಿ ತಿರುಪ್ಪೂರಿಗೆ ನಾನೇ ಹಾಕಿ ಬರ್ತೀನಿ," ಎಂದಳು. ಅತ್ತೆ ಬೇಡವೆನ್ನಲಿಲ್ಲ.

ಆ ದಿನದಿಂದಲೇ ಈ ದೀಪ ಶುರುವಾದದ್ದು. ಬೆಳ್ಳಿಯಮ್ಮನ ಮೈದುನ ರಾಜಾಮಣಿಗೆ ಅಷ್ಟು ಸಾಕಾಗಿತ್ತು. ಅವನೇ ಒಂದು ಸಲ ಬಂಡಿ ಓಡಿಸಿಕೊಂಡು ಸೂಲೂರಿಗೆ ಹೋಗಿ ಬಂದು ಜಗುಲಿಯ ಮೇಲೆ ಕೂತ.

"ನನ್ನ ಕೈಯಲ್ಲಿ ದೀಪ ಬರಲಿಲ್ಲವಲ್ಲ ಅತ್ತಿಗೆ. ತಾಳಿ ತೆಗೆದ ಹುಡುಗಿ ಸ್ಟೀರಿಂಗ್ ಹಿಡಿದರೆ ಬರುತ್ತೆ. ಕಬ್ಬಿಣಕ್ಕೂ ತಿಳಿಯುತ್ತೆ. ಸೂಲೂರಿನ ಪೊನ್ನುಸಾಮಿ ಬಂಡಿ ಕೇಳ್ತಿದ್ದಾರೆ. ಅಮಾವಾಸ್ಯೆ ಕಳೆದ ಮಾರನೇ ದಿನ ಕರ್ಕೊಂಡು ಬರ್ತೀನಿ."

ಅಮಾವಾಸ್ಯೆ ನಿನ್ನೆ ಕಳೆದಿತ್ತು. ಸಂಜೆಯೊಳಗೆ ದೀಪದ ಮೂಲ ಸಿಕ್ಕದಿದ್ದರೆ ಬಂಡಿ ಹೋಗುತ್ತದೆ. ಬಂಡಿ ಹೋದರೆ ಸರಣ್ಯಾ ಮತ್ತೆ ಹಿತ್ತಲ ಕೋಣೆಗೆ ಸೇರುತ್ತಾಳೆ. ಆ ಕೋಣೆ ಬೆಳ್ಳಿಯಮ್ಮನಿಗೆ ಚೆನ್ನಾಗಿ ಗೊತ್ತು. ಗಂಡ ಹೋದ ಮೇಲೆ ಅವಳೂ ಅಲ್ಲಿ ಕೂತವಳೇ. ಮಾರಿಯಮ್ಮನ ಹಬ್ಬದಲ್ಲಿ ಪೂಜಾರಿ ಮನೆಮಂದಿಗೆಲ್ಲ ಕಾಪು ಕಟ್ಟುತ್ತಾನೆ, ಅರಿಶಿನದಲ್ಲಿ ಅದ್ದಿದ ದಾರಕ್ಕೆ ಅರಿಶಿನದ ಕೊಂಬು. ಗಂಡ ಹೋದಂದಿನಿಂದ ಆ ಕಾಪಿನ ತಟ್ಟೆ ಅವಳ ಮುಂದೆ ನಿಲ್ಲದೆ ಮುಂದಕ್ಕೆ ಹೋಗಿದೆ. ಅವಳು ಒಂದು ಮಾತೂ ಆಡಿದವಳಲ್ಲ. ತಾಯಿ ಒಳಗಿದ್ದಾಳೆ, ನೋಡುತ್ತಿದ್ದಾಳೆ ಎಂದು ಕೈಮುಗಿದು ಬಂದವಳು.

ಇಸ್ಮಾಯಿಲನ ವರ್ಕ್‌ಶಾಪು ಸಿಂಗಾನಲ್ಲೂರು ಕೆರೆಯ ಹತ್ತಿರ. ಕೊಳ್ಳೇಗಾಲದಿಂದ ಬಂದು ನೆಲೆಸಿದವನು. ಕನ್ನಡ ಆಡುವ ಗಿರಾಕಿ ಬಂದರೆ ಅವನಿಗೆ ಖುಷಿ.

"ಮತ್ತೆ ಅದೇನಾ?" ಎಂದವನೇ ತನ್ನ ಸ್ಕ್ಯಾನರ್ ತಂದು ಸ್ಟೀರಿಂಗ್ ಕೆಳಗೆ ಸಿಕ್ಕಿಸಿದ. "ಅದೇ. ಡೀಸೆಲ್ ಒತ್ತಡ ಅಳೆಯೋ ಸೆನ್ಸರ್. ಅದರಿಂದ ಲೆಕ್ಕ ಬರ್ತಿಲ್ಲ ಅಂತ ಕಂಪ್ಯೂಟರ್ ಹೇಳ್ತಿದೆ. ಲೆಕ್ಕ ಬರದಿದ್ದರೆ ಎಂಜಿನ್ ಹೆದರಿ ಕಸುವು ಇಳಿಸುತ್ತೆ. ಆದರೆ ಅಮ್ಮಾ, ಸೆನ್ಸರ್ ಹೊಸದು ಹಾಕಿದ್ದೀನಿ. ಪ್ಲಗ್ ಒಳಗೆ ತೊಳೆದಿದ್ದೀನಿ. ಫಿಲ್ಟರ್ ಬದಲಾಯಿಸಿದ್ದೀನಿ. ಇನ್ನು ಉಳಿದದ್ದು ಆ ಕಂಪ್ಯೂಟರ್ ಪೆಟ್ಟಿಗೆ ಒಂದೇ."

"ಪೆಟ್ಟಿಗೆ ಕೆಟ್ಟಿದ್ದರೆ ನನ್ನ ಮೈದುನ ಓಡಿಸಿದಾಗ ಯಾಕೆ ಸುಮ್ಮನಿತ್ತು ತಂಬಿ?"

"ಅವರಿಗೂ ಅದಕ್ಕೂ ಸ್ನೇಹ ಇರಬೇಕು."

"ಅವನ ಹೆಂಡತಿಗೇ ಅವನ ಸ್ನೇಹ ಇಲ್ಲ. ತಮಾಷೆ ಸಾಕು. ಅವನು ಹೇರಿದ್ದು ಏನು? ತನ್ನ ಹೊಟ್ಟೆ ಒಂದೇ. ಖಾಲಿ ಬಂಡಿ. ಇವಳು ಮೂಟೆ ಹೇರಿಕೊಂಡು ಸೇತುವೆ ಹತ್ತುತ್ತಾಳೆ. ಇವತ್ತು ನಾನು ನೋಡ್ತಾನೇ ಇದ್ದೆ, ಸಮ ದಾರೀಲಿ ಬರಲಿಲ್ಲ, ಏರಿನಲ್ಲೇ ಬಂತು. ನಿನ್ನ ಹತ್ತಿರ ತರೋವಾಗಲೂ ಯಾವಾಗಲೂ ಖಾಲಿ ಮಾಡಿ ತರ್ತಿದ್ದಳು. ಇವತ್ತು ಇಳಿಸಬೇಡ ಅಂದೆ."

ಇಸ್ಮಾಯಿಲ್ ನಗುವುದನ್ನು ಬಿಟ್ಟ. ಬಾನೆಟ್ ಎತ್ತಿ ಎಂಜಿನ್ನಿನ ಸುತ್ತ ಕಣ್ಣಾಡಿಸಿದ.

"ಹೊರೆ ಹೊತ್ತು ಏರೋವಾಗ ಎಂಜಿನ್ ಒಂದು ಕಡೆಗೆ ವಾಲುತ್ತೆ," ಎಂದ ತನಗೇ ಹೇಳಿಕೊಳ್ಳುವವನಂತೆ. "ತಂಗೀ, ಬ್ರೇಕ್ ಬಿಗಿಯಾಗಿ ಒತ್ತಿಕೋ. ಗೇರ್ ಹಾಕಿ ಕ್ಲಚ್ ಕೊಂಚವೇ ಬಿಡು. ಮುಂದೆ ಬಂದು ನನ್ನನ್ನ ಗೋಡೆಗೆ ಒತ್ತಿಬಿಡಬೇಡ, ಮನೇಲಿ ಹೆಂಡತಿ ಹಿನಾ ಬಿರಿಯಾನಿ ಮಾಡಿದ್ದಾಳೆ."

ಸ್ಕ್ಯಾನರನ್ನು ಬೆಳ್ಳಿಯಮ್ಮನ ಕೈಗೆ ಕೊಟ್ಟು, ಒತ್ತಡದ ಅಂಕಿ ಬಿದ್ದರೆ ಕೂಗಿ ಎಂದು ಹೇಳಿ ಪಕ್ಕದಿಂದ ಬಗ್ಗಿದ. ಸರಣ್ಯಾ ಕ್ಲಚ್ ಬಿಟ್ಟಳು. ಎಂಜಿನ್ ಗುಡುಗಿ ಮೈಮುರಿದು ಒಂದು ಕಡೆಗೆ ವಾಲಿತು.

"ಬಿತ್ತು," ಎಂದಳು ಬೆಳ್ಳಿಯಮ್ಮ. "ಸೊನ್ನೆ."

ಇಸ್ಮಾಯಿಲನ ಬೆರಳು ಸೆನ್ಸರಿನ ವೈರು ಹಿಡಿದು ಮೇಲಕ್ಕೆ ಸರಿಯಿತು. ಒಂದು ಕಡೆ ತಟ್ಟನೆ ನಿಂತಿತು. ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ.

"ಯಾಕೆ ಕೈ ತೆಗೆದೆ?"

ಅವನು ಬೆರಳು ಮಾಡಿ ತೋರಿಸಿದ. ಬೆಳ್ಳಿಯಮ್ಮ ಬಗ್ಗಿ ನೋಡಿದಳು. ಅವಳೇ ಕಟ್ಟಿದ್ದ ಕಾಪು. ಸರಣ್ಯಾ ಮೊದಲ ಸಲ ಹೊರಟ ಬೆಳಿಗ್ಗೆ ಮಾರಿಯಮ್ಮನ ಗುಡಿಗೆ ಹೋಗಿ ಕೇಳಿ ತಂದದ್ದು. ಸೊಸೆಗೆ ಅಂದಿದ್ದರೆ ಪೂಜಾರಿ ಕೊಡುತ್ತಿರಲಿಲ್ಲ. ಬಂಡಿಗೆ ಅಂದಾಗ ಕೊಟ್ಟಿದ್ದ. ಕನ್ನಡಿಗೆ ಕಟ್ಟು ಎಂದಿದ್ದ. ಎತ್ತಿಗೆ ಕೊರಳಲ್ಲಿ ಕಟ್ಟುತ್ತಾರೆ, ಕೊಂಬಿನ ತುದಿಗಲ್ಲ. ಬಂಡಿಯ ಜೀವ ಎಂಜಿನ್‌ನಲ್ಲಿದೆ ಎಂದುಕೊಂಡು ಅವಳು ಬಾನೆಟ್ ಎತ್ತಿಸಿ, ವೈರಿನ ಕಟ್ಟನ್ನೂ ಪಕ್ಕದ ಕಬ್ಬಿಣದ ಪಟ್ಟಿಯನ್ನೂ ಸೇರಿಸಿ, ಜಾರದಂತೆ ಬಿಗಿಯಾಗಿ ಕಟ್ಟಿದ್ದಳು. ಪ್ರತಿ ಶುಕ್ರವಾರ ತೀರ್ಥ ಚಿಮುಕಿಸಿದ್ದಳು. ನೆನೆದು ಒಣಗಿ ದಾರ ಇನ್ನಷ್ಟು ಬಿಗಿದಿತ್ತು. ಎಂಜಿನ್ ವಾಲಿದಾಗಲೆಲ್ಲ ವೈರು ಅದರ ಜೊತೆ ಹೋಗಲಾರದೆ ಸೆನ್ಸರಿನ ಪ್ಲಗ್ಗನ್ನು ಜಗ್ಗುತ್ತಿತ್ತು, ಲೆಕ್ಕ ಕಡಿದುಹೋಗುತ್ತಿತ್ತು.

"ಇಷ್ಟು ಸಲ ಬಿಚ್ಚಿ ಕಟ್ಟಿದೆಯಲ್ಲ, ಇದು ಕಾಣಲಿಲ್ಲವಾ?"

"ಕಂಡಿತ್ತಮ್ಮ. ಅದು ನಿಮ್ಮ ದೇವರದು. ನಾನು ಹೇಗೆ ಮುಟ್ಟಲಿ? ಪಕ್ಕದಿಂದಲೇ ಕೈ ಹಾಕಿ ಕೆಲಸ ಮಾಡ್ತಿದ್ದೆ. ಮುಟ್ಟದ್ದನ್ನ ಅನುಮಾನಿಸೋದೂ ಮರೆತುಹೋಯಿತು."

ಸರಣ್ಯಾ ಇಳಿದು ಬಂದಿದ್ದಳು. ಅತ್ತೆಯ ಮುಖ ನೋಡಿ, "ನಾನು ಬಿಚ್ಚಲಾ?" ಎಂದಳು. ಇಸ್ಮಾಯಿಲ್ ಕತ್ತರಿ ಚಾಚಿದ.

ಬೆಳ್ಳಿಯಮ್ಮ ಎರಡನ್ನೂ ಬೇಡವೆಂದಳು. ಎಂಜಿನ್ ತಣಿಯುವವರೆಗೆ ಕಾದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟಿಗೆ ಉಗುರು ಹಾಕಿದಳು. ಎಣ್ಣೆ ಕುಡಿದು ಕಲ್ಲಾಗಿದ್ದ ಗಂಟು. ತುಟಿ ಮಾತ್ರ ಅಲುಗುತ್ತಿತ್ತು: ತಾಯಿ, ನಿನ್ನ ದಾರ ನಾನೇ ಬಿಚ್ಚುತ್ತಿದ್ದೇನೆ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ. ನನ್ನ ಮಗನನ್ನು ನೀನು ಕರೆದುಕೊಂಡೆ, ಆದರೂ ನಾನು ನಿನ್ನ ದೀಪಕ್ಕೆ ಎಣ್ಣೆ ಹಾಕುವುದು ಬಿಡಲಿಲ್ಲ. ಇವಳ ಕೈಯಿಂದ ಬಂಡಿ ಕಿತ್ತುಕೊಳ್ಳುವ ನೆಪ ಮಾತ್ರ ನಿನ್ನ ದಾರ ಆಗಬಾರದು. ಅದಕ್ಕೆ ನಾನು ಒಪ್ಪುವುದಿಲ್ಲ.

ಉಗುರು ಮುರಿಯಿತು, ಗಂಟು ಬಿಟ್ಟಿತು. ದಾರವನ್ನು ಕಣ್ಣಿಗೊತ್ತಿಕೊಂಡು ಸೊಂಟದ ಸೀರೆ ಮಡಿಕೆಗೆ ಸಿಕ್ಕಿಸಿಕೊಂಡಳು. ಇಸ್ಮಾಯಿಲ್ ಪ್ಲಗ್ ಬಿಚ್ಚಿ, ಜಗ್ಗಿ ಜಗ್ಗಿ ಅಗಲವಾಗಿದ್ದ ಅದರ ಒಳಗಿನ ಪಿನ್ ಹಿಡಿಯುವ ಕ್ಲಿಪ್ಪುಗಳನ್ನು ಬದಲಾಯಿಸಿ, ವೈರಿಗೆ ಅಲುಗಾಡಲು ಸಡಿಲ ಬಿಟ್ಟು ಕೂರಿಸಿದ. ಸ್ಕ್ಯಾನರಿನಿಂದ ದೀಪ ಆರಿಸಿದ. ಮತ್ತೆ ಬ್ರೇಕ್ ಹಿಡಿದು ವಾಲಿಸಿದಾಗ ಅಂಕಿ ಬೀಳಲಿಲ್ಲ.

ಆದರೂ ಬೆಳ್ಳಿಯಮ್ಮ ಅಷ್ಟಕ್ಕೆ ನಂಬಲಿಲ್ಲ. ಹಿಂದಕ್ಕೆ ಹೋಗಿ, ಅದೇ ಮೂಟೆಗಳ ಜೊತೆ ಅದೇ ಸೇತುವೆಯನ್ನು ಹತ್ತಿಸಿದಳು. ಬಂಡಿ ಒಂದೇ ದಮ್ಮಿನಲ್ಲಿ ಏರಿತು. ಸರಣ್ಯಾ ಸೇತುವೆ ಇಳಿಯುವವರೆಗೂ ಫಲಕದ ಮೇಲೆ ಒಂದು ಕಣ್ಣಿಟ್ಟೇ ಇದ್ದಳು, ದೀಪ ಬರಲಿಲ್ಲ. ಇಳಿದ ಮೇಲೆ ಕಣ್ಣೊರೆಸಿಕೊಂಡು, "ತಿರುಪ್ಪೂರಿಗೆ ತಡವಾಯಿತು ಅತ್ತೆ," ಎಂದಳು.

"ತಡವಾದರೂ ಹೋಗೋಣ ನಡಿ."

ಮೂಟೆ ಇಳಿಸಿ ಸಂಜೆ ಊರು ಸೇರಿದಾಗ ಜಗುಲಿಯ ಮೇಲೆ ರಾಜಾಮಣಿಯೂ ಸೂಲೂರಿನ ಪೊನ್ನುಸಾಮಿಯೂ ಕಾಯುತ್ತಿದ್ದರು.

"ದೀಪ ಬಂತಾ ಅತ್ತಿಗೆ?" ರಾಜಾಮಣಿ ಕೇಳಿದ.

"ಹೋಗುವಾಗ ಬಂತು. ಬರುವಾಗ ಇಲ್ಲ. ನಾನು ಬಿಗಿಯಾಗಿ ಕಟ್ಟಿದ್ದ ದಾರ ವೈರನ್ನ ಎಳೀತಿತ್ತು. ತಪ್ಪು ನನ್ನದು, ಇವಳ ಹಣೆಬರಹದ್ದಲ್ಲ." ಪೊನ್ನುಸಾಮಿಯ ಕಡೆ ತಿರುಗಿದಳು. "ಅಣ್ಣಾ, ದೂರದಿಂದ ಬಂದಿದ್ದೀರಿ, ಕಾಪಿ ಕುಡಿದು ಹೋಗಿ. ಬಂಡಿ ಕೊಡೋದಿಲ್ಲ."

"ಕಾಪನ್ನೇ ಬಿಚ್ಚಿದಿರಾ?" ರಾಜಾಮಣಿಯ ದನಿ ತಗ್ಗಿತು. "ಏನು ಬಂದೀತೋ ಅನ್ನೋ ಭಯ ಇಲ್ಲವಾ?"

"ಬರಬೇಕಾದ್ದೆಲ್ಲ ಈ ಮನೆಗೆ ಬಂದಾಯಿತು."

ಅವಳು ಸೊಸೆಯನ್ನು ಕರೆದಳು. ಸೊಂಟದ ಮಡಿಕೆಯಿಂದ ದಾರ ತೆಗೆದು, ಎಲ್ಲರೂ ನೋಡುತ್ತಿರುವಂತೆ, ಸರಣ್ಯಾಳ ಬಲ ಮುಂಗೈಗೆ ಸುತ್ತಿದಳು. ಆ ಕೈ ಹಿಂದೆ ಸರಿಯಲಿಲ್ಲ.

"ಅತ್ತಿಗೆ, ಅದು ಬಂಡಿಗೆ ಅಂತ ಕೊಟ್ಟದ್ದು."

"ಬಂಡಿ ಓಡಿಸೋ ಕೈಗೇ ಕಟ್ಟುತ್ತಿದ್ದೇನೆ."

"ಪೂಜಾರಿ ಕೇಳ್ತಾರೆ."

"ಕೇಳಲಿ. ನಾಳೆ ಮೂಟೆ ಹೇರಿಕೊಂಡು ಗುಡಿ ಮುಂದೇನೇ ಹೋಗ್ತೀವಿ. ನಿಲ್ಲಿಸಿ ಕೇಳಲಿ."

ಹೀಗೆಂದು ಗಂಟು ಹಾಕಿದಳು. ಈ ಸಲ ಬಿಗಿಯಲಿಲ್ಲ. ದಾರದೊಳಗೆ ತನ್ನ ಎರಡು ಬೆರಳು ಆಡಿಸಿ ನೋಡಿ, ಕೈ ತಿರುಗಿಸಲು ಅಡ್ಡಿಯಾಗುವುದಿಲ್ಲ ಎಂದು ತಿಳಿದ ಮೇಲೆಯೇ ಕೈ ಬಿಟ್ಟಳು.