ನಾಲ್ಕು ಕಟ್ಟಡ, ಒಂದು ಜೋಡಿ

ಬೆಳಗಿನಿಂದ ಯಲ್ಲಾಲಿಂಗನ ಹೊಟ್ಟೆಗೆ ಅರ್ಧ ಕಪ್ ಚಹಾ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ. ಅಂಗಿಯ ಕಿಸೆಯಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಹೆಬ್ಬೆರಳಿನಷ್ಟು ಉದ್ದದ ಉಕ್ಕಿನ ತುಂಡು. ಅದು ಬಿದ್ದು ಹೋದರೆ ತಾನೂ ಹೋದಂತೆಯೇ ಎಂದು ಒಂದು ಕೈಯಿಂದ ಕಿಸೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಬೈಕು ಓಡಿಸುತ್ತ ಹುಡುಗಿಯರ ಹಾಸ್ಟೆಲಿಗೆ ಹೊರಟಿದ್ದ. ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸಿದ ಧೂಳಿನಲ್ಲಿ ಮುಂದಿನ ದಾರಿ ಕಾಣುತ್ತಿರಲಿಲ್ಲ.

ಆ ತುಂಡಿಗೆ ಮಾಡ್ಯೂಲು ಎನ್ನುತ್ತಾರೆ. ನೆಲದಲ್ಲಿ ಹೂತ ಗಾಜಿನ ಎಳೆಯ ಕೇಬಲ್ಲಿಗೆ ಆ ತುದಿಗೊಂದು, ಈ ತುದಿಗೊಂದು ಸಿಕ್ಕಿಸಿದರೆ ಆಫೀಸಿನ ಇಂಟರ್‌ನೆಟ್ಟು ಬೆಳಕಾಗಿ ದೂರದ ಕಟ್ಟಡದವರೆಗೆ ಹರಿಯುತ್ತದೆ. ಸಿಂದಗಿಯ ಹೊರಗಿದ್ದ ಆ ಕಾಲೇಜಿನಲ್ಲಿ ದೂರದ ಕಟ್ಟಡಗಳು ನಾಲ್ಕು. ಮಾಡ್ಯೂಲು ಎಂಟು ಬೇಕು. ಕಾಗದದ ಮೇಲೆ ಎಂಟೂ ಇದ್ದವು. ನಿಜಕ್ಕೂ ಕೆಲಸ ಮಾಡುತ್ತಿದ್ದದ್ದು ಒಂದೇ ಜೋಡಿ: ಈಗ ಆಫೀಸಿನ ತುದಿಯಲ್ಲಿ ಒಂದು, ಅವನ ಕಿಸೆಯಲ್ಲಿ ಒಂದು. ಉಳಿದ ಆರು ಅರ್ಧ ಕಿಲೋಮೀಟರು ದಾಟಿದರೆ ಸತ್ತು ಹೋಗುವ ಅಗ್ಗದ ಮಾಲು, ಮೇಲೆ ಹತ್ತು ಕಿಲೋಮೀಟರಿನ ಚೀಟಿ. ತಂದುಕೊಟ್ಟವನು ಸಂಸ್ಥೆಯ ಕಾರ್ಯದರ್ಶಿ ಬಸಂತರಾಯ ಗೌಡರ ಅಳಿಯ. ಅಳಿಯ ತಂದ ಮಾಲಿನಲ್ಲಿ ಹುಳುಕು ಹುಡುಕುವವರು ಯಾರು?

ಹುಡುಕಿದವನು ಕಾಲೇಜಿನ ಕಂಪ್ಯೂಟರು, ಇಂಟರ್‌ನೆಟ್ಟು ನೋಡಿಕೊಳ್ಳುವ ಹಂಗಾಮಿ ನೌಕರ ಯಲ್ಲಾಲಿಂಗನೇ. ನಾಲ್ಕು ವರ್ಷದ ಹಿಂದೆ ಸಿಕ್ಕಿಸಿ ನೋಡಿ, ಬೆಳಕು ಮುಟ್ಟುವುದಿಲ್ಲ ಎಂದು ಗೌಡರಿಗೆ ಹೇಳಿದ್ದ. ಆಮೇಲೆ ಬದಲಾಯಿಸಿದರಾಯಿತು, ಈಗ ಸಹಿ ಹಾಕು, ನಿನ್ನ ಕೆಲಸವನ್ನೂ ಕಾಯಂ ಮಾಡುತ್ತೇನೆ ಎಂದಿದ್ದರು ಗೌಡರು. ಎಂಟೂ ಬಂದಿವೆ, ಎಂಟೂ ಸರಿ ಇವೆ ಎಂದು ಸ್ಟಾಕ್ ರಿಜಿಸ್ಟರಿನಲ್ಲಿ ಸಹಿ ಬಿತ್ತು. ಮಾಡ್ಯೂಲೂ ಬದಲಾಗಲಿಲ್ಲ, ಕೆಲಸವೂ ಕಾಯಂ ಆಗಲಿಲ್ಲ. ಕಾಯಂ ಆದದ್ದು ಆ ಸಹಿಯೊಂದೇ.

ಇವತ್ತು ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬಂದಿತ್ತು. ಗೌಡರ ಯೋಜನೆ ಸರಳ. ಸಮಿತಿ ಹಾಸ್ಟೆಲಿಗೆ ಬರುವ ಮೊದಲು ಜೋಡಿ ಹಾಸ್ಟೆಲಿನ ಕೇಬಲ್ಲಿಗೆ. ಅವರು ಚಹಾ ಕುಡಿಯುವಷ್ಟರಲ್ಲಿ ಅಲ್ಲಿಂದ ಕಿತ್ತು ಲೈಬ್ರರಿಗೆ. ಆಮೇಲೆ ಪ್ರಯೋಗಾಲಯಕ್ಕೆ, ಆಮೇಲೆ ಕೃಷಿ ವಿಭಾಗಕ್ಕೆ. ಯಲ್ಲಾಲಿಂಗನ ಅಪ್ಪ ಧೂಳಪ್ಪನಿಗೂ ಇಂಥದೇ ಕೆಲಸ ಬಿದ್ದಿತ್ತು. ಬ್ಯಾಂಕಿನವರು ಸಾಲದ ಕುರಿ ನೋಡಲು ಬಂದಾಗ, ಊರಿನ ದೊಡ್ಡವರು ಅವನ ನಲವತ್ತು ಕುರಿಗಳನ್ನೇ ಮೂವರ ಹೆಸರಿನಲ್ಲಿ ಮೂರು ಹಟ್ಟಿಯಲ್ಲಿ ತೋರಿಸಿದ್ದರು. ಹಿಂದಿನ ದಾರಿಯಲ್ಲಿ ಕುರಿ ಹೊಡೆದುಕೊಂಡು ಓಡಿದವನು ಅಪ್ಪ. ಒಂದು ಕುರಿ ತಪ್ಪಿಸಿಕೊಂಡಿದ್ದರೆ ಕಳ್ಳನಾಗುತ್ತಿದ್ದವನೂ ಅಪ್ಪನೇ.

ಹತ್ತು ಗಂಟೆಗೆ ಸಮಿತಿಯ ಅಧ್ಯಕ್ಷೆ ವಿದ್ಯಾವತಿ ಹಾಸ್ಟೆಲಿನ ಕಂಪ್ಯೂಟರ್ ಕೋಣೆಗೆ ಬಂದು, ಪರದೆಯ ಮೇಲೆ ಪುಟ ತೆರೆದುಕೊಂಡದ್ದನ್ನು ನೋಡಿ, ತಲೆಯಾಡಿಸಿ ಹೋದರು. ಅವರು ಹೊರಬೀಳುವುದೇ ತಡ, ಹುಡುಗಿಯರು ನುಗ್ಗಿದರು. ಬಿ.ಎಡ್. ಸೀಟಿಗೆ ಯಾವ ಕಾಲೇಜು ಬೇಕೆಂದು ಆನ್‌ಲೈನಿನಲ್ಲಿ ತುಂಬಲು ಅಂದೇ ಕೊನೆಯ ದಿನ, ಮಧ್ಯಾಹ್ನ ಒಂದಕ್ಕೆ ಬಂದ್. ಸಿಂದಗಿಯ ಸೈಬರ್ ಅಂಗಡಿಗೆ ಹೋಗೋಣವೆಂದರೆ ಸಮಿತಿ ಹೋಗುವತನಕ ಗೇಟಿಗೆ ಬೀಗ. ಮೊಬೈಲು ಹಿಡಿಯೋಣವೆಂದರೆ ಹೊರಗೆ ಕಾಲುವೆಯ ಏರಿ ಹತ್ತದೆ ಸಿಗ್ನಲ್ಲಿಲ್ಲ. ಹನ್ನೊಂದು ಹುಡುಗಿಯರು, ನಡೆಯುವ ಕಂಪ್ಯೂಟರು ಮೂರು. ಕುರಿ ಕಾಯುವವರ, ಕಬ್ಬು ಕಡಿಯುವವರ ಮಕ್ಕಳು. ಈ ಸೀಟು ತಪ್ಪಿದರೆ ಮನೆಯವರು ಇನ್ನೊಂದು ವರ್ಷ ಓದಿಸುವವರಲ್ಲ, ಮದುವೆ ಮಾಡಿ ಕೈತೊಳೆದುಕೊಳ್ಳುವವರು.

ಮುಬೀನಾ ಎಂಬ ಹುಡುಗಿ ಬಾಗಿಲಿಗೆ ಬಂದು ಕೇಳಿದಳು.

"ಅಣ್ಣಾ, ಇದು ಎಷ್ಟೊತ್ತನಕ ಇರತೈತಿ?"

"ಹತ್ತೂವರಿತನಕ."

"ಆಮ್ಯಾಲೆ?"

"ಆಮ್ಯಾಲೆ ಕಿತಗೊಂಡು ಲೈಬ್ರರಿಗಿ ಹೋಗಬೇಕವ್ವಾ. ಕಾಲೇಜಿನಾಗ ಇರೋದು ಇದೊಂದ ಜೋಡಿ."

ನಾಲ್ಕು ವರ್ಷದಿಂದ ಈ ಕೋಣೆ ಯಾಕೆ ಸತ್ತಿತ್ತು ಎಂಬುದು ಅವಳಿಗೆ ಈಗ ಗೊತ್ತಾಯಿತು. ಒಳಗೆ ಹೋಗಿ ಉಳಿದವರಿಗೂ ಹೇಳಿದಳು. ಹತ್ತೂ ಜನ ತಿರುಗಿ ಯಲ್ಲಾಲಿಂಗನ ಮುಖ ನೋಡಿದರು. ಅವನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಹತ್ತೂವರೆ ಆಯಿತು. ಕೈ ಮಾಡ್ಯೂಲಿನ ತನಕ ಹೋಯಿತು. ಅಡುಗೆ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಬಡಿಯುತ್ತಿದ್ದವಳು ಅವನ ಹೆಂಡತಿ ಸುವರ್ಣಾ. ಅವಳ ಕೆಲಸವೂ ಗೌಡರು ಕೊಟ್ಟದ್ದೇ. ಇರುವ ಮನೆಯೂ ಗೌಡರದೇ. ಕೀಳದಿದ್ದರೆ ಮೂರೂ ಒಂದೇ ದಿನಕ್ಕೆ ಹೋಗುತ್ತವೆ, ಮೇಲೆ ಆ ಸಹಿ ಬೇರೆ. ಇಷ್ಟೆಲ್ಲ ಗೊತ್ತಿದ್ದೂ ಅವನ ಬೆರಳು ಮಡಚಲಿಲ್ಲ. ಕೈ ಹಿಂದಕ್ಕೆ ತೆಗೆದು, ಮಾಡ್ಯೂಲು ಸಿಕ್ಕಿಸಿದ್ದ ಸ್ವಿಚ್ಚಿನ ಪೆಟ್ಟಿಗೆಯ ಕೆಳಗೆ ಕುಳಿತ.

ಹನ್ನೊಂದಕ್ಕೆ ಗೌಡರ ಕಾರು ಬಂತು. ಲೈಬ್ರರಿಯಲ್ಲಿ ಸಮಿತಿಯ ಎದುರು ಇಂಟರ್‌ನೆಟ್ಟು ಬಾರದೆ ಅವರ ಮಾನ ಹೋಗಿತ್ತು. ಹಿಂದೆಯೇ ವಿದ್ಯಾವತಿಯವರೂ ಇಳಿದರು. ಗೌಡರ ಕಂಕುಳಲ್ಲಿ ರಿಜಿಸ್ಟರು.

"ಇವನ ನೋಡ್ರಿ ಮೇಡಂ, ಆರು ಮಾಡ್ಯೂಲು ಮಾರಕೊಂಡಾನ. ಎಂಟು ತಗೊಂಡೇನಂತ ಸಹಿ ಐತಿ ಇಲ್ಲಿ."

ಯಲ್ಲಾಲಿಂಗ ಎದ್ದು ನಿಂತ.

"ಸಹಿ ನಂದ ಐತ್ರಿ. ಬರದದ್ದು ಸುಳ್ಳೈತಿ. ನಡಿಯೂವು ಬಂದಿದ್ದು ಇದೊಂದ ಜೋಡಿ. ಮುಂಜಾನಿ ನೀವು ನೋಡಿದ್ದು ಇದನ್ನ, ಲೈಬ್ರರಿಯಾಗ ನೋಡಬೇಕಾಗಿದ್ದೂ ಇದನ್ನರಿ. ಉಳದ ಆರೂ ಆಫೀಸಿನ ಕಪಾಟಿನಾಗ ಅದಾವ, ತಗದು ನೋಡ್ರಿ."

ವಿದ್ಯಾವತಿಯವರು ರಿಜಿಸ್ಟರು ನೋಡಿದರು, ಅವನನ್ನು ನೋಡಿದರು, ಕೈಗಡಿಯಾರ ನೋಡಿದರು. ಸ್ಟಾಕಿನ ವಿಚಾರ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ನೀವು ನೀವೇ ಬಗೆಹರಿಸಿಕೊಳ್ಳಿ ಎಂದರು. ತಮ್ಮ ಫೈಲಿನಲ್ಲಿ ಹಾಸ್ಟೆಲಿನ ಎದುರು 'ಉತ್ತಮ' ಎಂದು ಬರೆದರು. ಲೈಬ್ರರಿಯ ಎದುರು 'ತಾತ್ಕಾಲಿಕ ದೋಷ' ಎಂದು ಬರೆದರು. ಹೋಗಿ ಕಾರಿನಲ್ಲಿ ಕುಳಿತರು.

ಗೌಡರ ದನಿ ಈಗ ಮೆತ್ತಗಾಯಿತು. ಅವರ ಮೆತ್ತನೆಯ ದನಿಗೇ ಊರು ಹೆಚ್ಚು ಹೆದರುತ್ತಿತ್ತು.

"ಯಲ್ಲ್ಯಾ, ಕಿತ್ತಿ ಕೊಡು. ಇಲ್ಲಿಗೇ ಬಿಡ್ತೇನಿ. ಇಲ್ಲಾಂದ್ರ ಸ್ಟೇಷನ್ನಿನಾಗ ಆ ಸಹಿ ಒಂದ ಸಾಕು ನಿನಗ."

ರೊಟ್ಟಿಯ ಸಪ್ಪಳ ನಿಂತಿತ್ತು. ಹಿಟ್ಟಿನ ಕೈಯಲ್ಲೇ ಸುವರ್ಣಾ ಬಂದು ನಿಂತಿದ್ದಳು. ಗಂಡನಿಗೆ ಬುದ್ಧಿ ಹೇಳು ಎಂದರು ಗೌಡರು. ಅವಳು ಗಂಡನ ಮುಖ ನೋಡಿದಳು, ಒಳಗಿನ ಹುಡುಗಿಯರನ್ನು ನೋಡಿದಳು.

"ಸಹಿ ಮಾಡೋ ದಿನ ಹೇಳಬೇಕಾಗಿತ್ತರಿ, ಹೇಳಲಿಲ್ಲ. ಇವತ್ತ ಹೇಳೂದಿಲ್ಲ," ಎಂದು ಹೊಸ್ತಿಲಲ್ಲಿ ಕುಳಿತುಬಿಟ್ಟಳು.

ಗೌಡರು ತಾವೇ ಪೆಟ್ಟಿಗೆಯ ಕಡೆಗೆ ಹೆಜ್ಜೆ ಹಾಕಿದರು. ತುಂಬಿ ಮುಗಿಸಿದ ಹುಡುಗಿಯರು ಹೊರಗೆ ಹೋಗದೆ ಅಡ್ಡ ನಿಂತರು. ಯಾರೂ ಸರಿಯಲಿಲ್ಲ. ಗೌಡರು ಜೊತೆಗೆ ಬಂದಿದ್ದ ಆಫೀಸಿನ ಕಾರಕೂನನನ್ನು ಕರೆದು ಪೊಲೀಸರಿಗೆ ಫೋನು ಹಚ್ಚೆಂದರು. ಸಿಗ್ನಲ್ಲಿಗಾಗಿ ಅವನು ಕಾಲುವೆಯ ಏರಿಯ ಕಡೆಗೆ ಓಡಿದ. ಅವನು ಹೊರಬಿದ್ದ ಮೇಲೆ ಗೇಟಿಗೆ ಮತ್ತೆ ಬೀಗ ಬಿತ್ತು.

ಪೊಲೀಸರು ಬಂದೇ ಬರುತ್ತಾರೆ ಎಂದು ಯಲ್ಲಾಲಿಂಗನಿಗೆ ಗೊತ್ತಿತ್ತು. ಮತ್ತೆ ಪೆಟ್ಟಿಗೆಯ ಕೆಳಗೆ ಕುಳಿತ.

"ಎಷ್ಟು ಮಂದೀದು ಉಳದೈತಿ?" ಎಂದು ಕೇಳಿದ.

"ನಾಕು ಮಂದೀದು, ಅಣ್ಣಾ," ಎಂದಳು ಮುಬೀನಾ.

"ಅವಸರ ಮಾಡಿ ತಪ್ಪು ತುಂಬಬ್ಯಾಡ್ರಿ. ನೋಡಿ ತುಂಬ್ರಿ. ನಾ ಇಲ್ಲೇ ಅದೇನಿ."