ಕಪಾಟಿಗೆ ಸಾಕಾದ ಶಟರ್

ಕೊಳ್ಳಲು ಬಂದ ನಾರ್ವೆಯ ಮುದುಕಿ ಪೆಟ್ಟಿಗೆಯಿಂದ ಕ್ಯಾಮೆರಾ ಎತ್ತಿಕೊಂಡು, ಕೂಸನ್ನು ಬೋರಲು ಮಲಗಿಸುವ ಹಾಗೆ ಅಂಗೈ ಮೇಲೆ ತಿರುಗಿಸಿ, ತಳದ ಮುಚ್ಚಳ ಬಿಚ್ಚಿದಾಗ ಕ್ಯಾಮೆರಾ ಕಾರ್ಖಾನೆಯ ಸಭಾಂಗಣದಲ್ಲಿ ಮಾತು ನಿಂತಿತು. ಅವರು ಬಿಳಿ ಗವಸು ಹಾಕಿಕೊಂಡಿರಲಿಲ್ಲ. ಕೋಟಿನ ಜೇಬಿನಿಂದ ಒಂದು ಫಿಲ್ಮ್ ರೀಲು ತೆಗೆದು, ಹಲ್ಲಿನಿಂದ ಡಬ್ಬಿಯ ಮುಚ್ಚಳ ಕಿತ್ತರು.

ಎದುರು ನಿಂತಿದ್ದ ಇಲ್ಕಾಳ ಗವಸಿನೊಳಗೆ ಬೆರಳುಗಳು ಬೆವೆತವು. ವಿಶೇಷ ಆವೃತ್ತಿಯ ಕ್ಯಾಮೆರಾವನ್ನು ಕೊನೆಯ ಬಾರಿ ಸರಿಹೊಂದಿಸಿದವರೇ ಅದನ್ನು ಕೊಂಡವರ ಕೈಗೆ ಕೊಡಬೇಕೆಂಬುದು ಕಾರ್ಖಾನೆಯ ಪದ್ಧತಿ; ಇದನ್ನು ಸರಿಹೊಂದಿಸಿದವಳು ಅವಳೇ. ಹಸಿರು ಅರಗಿನ ಮೆರುಗು ಕೊಟ್ಟ ಮೈ, ಉಷ್ಟ್ರಪಕ್ಷಿಯ ಚರ್ಮದ ಹೊದಿಕೆ, ಚಿನ್ನದ ಗುಂಡಿ. ಹಿಂದಿನ ಸಲಗಳಲ್ಲಿ ಕೊಂಡವರು ಪೆಟ್ಟಿಗೆಯೊಳಗೆ ಒಮ್ಮೆ ಇಣುಕಿ, ನಿಟ್ಟುಸಿರು ಬಿಟ್ಟು, ಮತ್ತೆ ಮುಚ್ಚುತ್ತಿದ್ದರು.

"ನೀವು ಇದನ್ನ ಬಳಸ್ತೀರಾ?" ಇಲ್ಕಾ ಕೇಳಿದಳು.

"ಮತ್ತೇನು, ಉಪ್ಪಿನಕಾಯಿ ಹಾಕ್ಲಾ?" ಎಂದರು ಮುದುಕಿ ಗುನ್‌ವೋರ್. ಶಾಲೆಯಲ್ಲಿ ಕಲಿತ ಜರ್ಮನ್, ಆದರೆ ಹೆದರಿಕೆ ಇಲ್ಲದ ಜರ್ಮನ್. "ಇದು ಬೇಕೂಂತ ಹೆಸರು ಬರೆಸಿದ್ದು ನನ್ನ ಗಂಡ. ಅವನಾಗಿದ್ರೆ ಗಾಜಿನ ಕಪಾಟಲ್ಲಿಟ್ಟು ದಿನಾ ಒರೆಸ್ತಿದ್ದ. ಕ್ಯಾಮೆರಾ ಬರೋಕೆ ಮುಂಚೆ ಅವನೇ ಹೋದ. ನನಗೆ ಒರೆಸೋ ಸಾಮಾನು ಮನೇಲಿ ಬೇಕಾದಷ್ಟಿದೆ."

ಸುತ್ತ ನಿಂತ ಇತರ ಕೊಳ್ಳುಗರು ನಕ್ಕರು. ಕಾರ್ಖಾನೆಯ ನಿರ್ದೇಶಕ ಕ್ವಾಸ್ಟ್ ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚು ನಕ್ಕರು.

"ಎಲ್ಲಿ ತೆಗೀತೀರಿ ಫೋಟೋ?" ಎಂದಳು ಇಲ್ಕಾ.

"ನಮ್ಮೂರಲ್ಲೇ, ಉತ್ತರದ ತುದೀಲಿ. ಎರಡು ತಿಂಗಳಾಯ್ತು ಸೂರ್ಯ ಮುಖ ತೋರಿಸಿ. ಇದೇ ತಿಂಗಳ ಕೊನೇಲಿ ಬರ್ತಾನೆ, ಗುಡ್ಡದ ಮೇಲೆ ಒಂದು ಚೂರು ಹೊತ್ತು. ಊರೆಲ್ಲ ಹೊರಗೆ ಬಂದು ನಿಲ್ತೀವಿ. ನನ್ನ ತಂಗಿ ಟೋರುನ್‌ಳನ್ನ ಕುರ್ಚಿ ಸಮೇತ ಹೊತ್ಕೊಂಡು ಬರ್ತಾರೆ. ಅವಳಿಗೆ ಇದು ಕೊನೇ ಸಲ ಅಂತ ಡಾಕ್ಟರು ಹೇಳಿದಾರೆ. ಅವಳ ಮುಖದ ಮೇಲೆ ಬೆಳಕು ಬೀಳೋದು, ಅದೊಂದು ಸಿಕ್ಕಿದ್ರೆ ಸಾಕು."

ಇಲ್ಕಾ ಒಂದು ಹೆಜ್ಜೆ ಹತ್ತಿರ ಬಂದಳು. "ಅಲ್ಲಿ ತುಂಬ ಚಳಿ ಇರುತ್ತೆ. ಕ್ಯಾಮೆರಾನ ಕೋಟಿನೊಳಗೆ ಇಟ್ಕೊಳ್ತೀರಲ್ವಾ?"

"ಅಯ್ಯೋ, ಬೆಚ್ಚಗಿನಿಂದ ಹೊರಗೆ ತೆಗೆದ್ರೆ ಗಾಜಿಗೆಲ್ಲ ಮಂಜು ಕೂತ್ಕೊಳ್ಳುತ್ತೆ. ಹಿಂದಿನ ರಾತ್ರೀನೇ ದೋಣಿಮನೇಲಿ ಇಟ್ಬಿಡ್ತೀವಿ. ಚಳೀಲಿ ಮಲಗಿದ ಕ್ಯಾಮೆರಾ ಚಳೀಲಿ ಚೆನ್ನಾಗಿ ಕೆಲಸ ಮಾಡುತ್ತೆ."

ಮಾಡುವುದಿಲ್ಲ ಎಂಬುದು ಇಲ್ಕಾಳಿಗೆ ಗೊತ್ತಿತ್ತು.

ಹೋದ ಶರತ್ಕಾಲದಲ್ಲಿ, ಬೆಳಕಿಗೆ ತೆರೆದು ಮುಚ್ಚುವ ಶಟರಿನ ಪರದೆಗೆ ಬಂದ ರಬ್ಬರು ಬಟ್ಟೆಯಲ್ಲಿ ಕೆಲವು ಸುರುಳಿ ಕೆಟ್ಟಿದ್ದವು. ಬೆಚ್ಚಗಿನ ಕೋಣೆಯಲ್ಲಿ ಪರದೆ ಬೆಣ್ಣೆಯಂತೆ ಓಡುತ್ತಿತ್ತು. ಚಳಿ ಹಿಡಿದರೆ ಸೆಟೆದು ನಡುದಾರಿಯಲ್ಲಿ ತಡವರಿಸುತ್ತಿತ್ತು. ಚಿತ್ರದ ಅರ್ಧ ಕಪ್ಪಾಗುತ್ತಿತ್ತು. ಮಾಮೂಲಿ ಕ್ಯಾಮೆರಾಗಳೆಲ್ಲ ಪರೀಕ್ಷೆಗಾಗಿ ಒಂದು ರಾತ್ರಿ ಶೀತಪೆಟ್ಟಿಗೆಯಲ್ಲಿ ಮಲಗಲೇಬೇಕು, ಹಾಗಾಗಿ ಕೆಟ್ಟವು ಅಲ್ಲೇ ಸಿಕ್ಕಿಬೀಳುತ್ತಿದ್ದವು. ವಿಶೇಷ ಆವೃತ್ತಿಯವನ್ನು ಮಾತ್ರ ಅದರಲ್ಲಿ ಇಡುವಂತಿರಲಿಲ್ಲ. ಅರಗು ಬಿರುಕು ಬಿಟ್ಟೀತೆಂದು ಮೇಲಿನವರ ಭಯ.

ಹೊಸ ಬಟ್ಟೆ ಬರುವುದು ವಸಂತಕ್ಕೆ. ಅತ್ತ ಮಾಮೂಲಿ ಕ್ಯಾಮೆರಾಕ್ಕೆ ಕಾದವರ ಸಾಲು ಬೆಳೆಯುತ್ತಿತ್ತು: ಪತ್ರಿಕೆಯವರು, ಮದುವೆ ಫೋಟೋದವರು, ಕಾಡಿನಲ್ಲಿ ಹಕ್ಕಿ ಎಣಿಸುವವರು. ಇತ್ತ ಮೇಲಿನಿಂದ ಆಜ್ಞೆ: ಒಳ್ಳೆಯ ಬಿಡಿಭಾಗಗಳೆಲ್ಲ ಮೊದಲು ವಿಶೇಷಕ್ಕೆ, ಉಳಿದವರು ಕಾಯಲಿ. ಕೆಲಸದ ಕೋಣೆಯಲ್ಲಿ ವಿಶೇಷದವಕ್ಕೆ ಗೊಂಬೆಗಳೆಂದೂ ಮಾಮೂಲಿಯವಕ್ಕೆ ಕೂಲಿಯಾಳುಗಳೆಂದೂ ಹೆಸರು. ಕೂಲಿಯಾಳುಗಳ ಹೊಟ್ಟೆ ಬಗೆದು ಗೊಂಬೆಗಳಿಗೆ ತುಂಬುವುದು ಇಲ್ಕಾಳಿಗೆ ಸಹಿಸಲಾಗಲಿಲ್ಲ. ಶೀತಪೆಟ್ಟಿಗೆಯಲ್ಲಿ ಸೋತ ಶಟರುಗಳನ್ನು ಅವಳು ಎಸೆಯಲಿಲ್ಲ, ಗೊಂಬೆಗಳೊಳಗೆ ಕೂರಿಸಿದಳು. ಒಳ್ಳೆಯವನ್ನು ಕೂಲಿಯಾಳುಗಳಿಗೆ ಕೊಟ್ಟಳು. ಕಪಾಟಿನಲ್ಲಿ ಯಾವ ಚಳಿ? ಕೋಣೆಯ ಮೇಸ್ತ್ರಿ ಹಾರ್ಟ್‌ವಿಗ್ ಕಂಡೂ ಕಾಣದವನಂತೆ ಕನ್ನಡಕ ಒರೆಸಿಕೊಂಡಿದ್ದ. ಅಂದು ಅವಳು ಎಷ್ಟೋ ದಿನಗಳ ಮೇಲೆ ಶಿಳ್ಳೆ ಹಾಕುತ್ತ ಮನೆಗೆ ನಡೆದಿದ್ದಳು. ಫೋಟೋ ತೆಗೆಯುವವರ ಪಕ್ಷ ವಹಿಸಿದೆನೆಂಬ ಹೆಮ್ಮೆ.

ಈಗ ಫೋಟೋ ತೆಗೆಯುವವರು ಎದುರಿಗೇ ನಿಂತು ರೀಲಿನ ತುದಿಯನ್ನು ಗಾಲಿಗೆ ಸಿಕ್ಕಿಸುತ್ತಿದ್ದರು. ಪಳಗಿದ ಕೈ. ನೋಡದೆಯೇ ಸಿಕ್ಕಿಸಿದರು.

ಕಾಫಿ, ಪುಡಿಸಕ್ಕರೆಯ ಕೇಕು ಬಂದವು. ಇಲ್ಕಾ ಹಾರ್ಟ್‌ವಿಗ್‌ನ ತೋಳು ಹಿಡಿದು ಕಿಟಕಿಯ ಬಳಿಗೆ ಎಳೆದಳು.

"ಕೇಳಿಸ್ತಾ ಅವರು ಹೇಳಿದ್ದು?"

"ನನ್ನ ಕಿವಿ ಮಂದ."

"ಹಾರ್ಟ್‌ವಿಗ್."

"ಕೇಳಿಸ್ತು ಮಾರಾಯ್ತಿ." ಅವನು ಕೇಕನ್ನು ನುಂಗಲಾಗದೆ ಕೆನ್ನೆಯಲ್ಲೇ ಇಟ್ಟುಕೊಂಡಿದ್ದ. "ಇಷ್ಟು ಜನರಲ್ಲಿ ಒಬ್ಬಳಿಗೆ ಫೋಟೋ ತೆಗೆಯೋ ಹುಚ್ಚು ಇರಬೇಕಾ? ಅದೂ ಹಿಮದಲ್ಲೇ ಹುಟ್ಟಿದವಳಿಗೆ?"

"ಏನ್ ಮಾಡೋದು?"

"ಏನೂ ಮಾಡಬೇಡ. ಒಂದು ಚಿತ್ರ ಕಪ್ಪಾಗುತ್ತೆ. ರೀಲು ಸರಿ ಇರ್ಲಿಲ್ಲ ಅಂದ್ಕೊಳ್ತಾಳೆ. ಮುದುಕಿ, ಕೈ ನಡುಗಿರಬೇಕು ಅಂದ್ಕೊಳ್ತಾಳೆ."

"ಅವರ ಕೈ ನಡುಗಲ್ಲ. ನೋಡಿದ್ಯಲ್ಲ?"

"ಮೆಲ್ಲಗೆ ಮಾತಾಡು." ಅವನು ಕ್ವಾಸ್ಟ್ ಕಡೆ ಕಣ್ಣು ಹಾಯಿಸಿದ. "ನಾನು ಬೇಸಿಗೇಲಿ ನಿವೃತ್ತಿ ಆಗ್ತೀನಿ. ನೀನು ಬಾಯಿಬಿಟ್ರೆ ಮೊದಲು ಹೋಗೋದು ನೀನು, ಆಮೇಲೆ ನಾನು. ಅದಾದ್ಮೇಲೆ ಕೂಲಿಯಾಳುಗಳ ತಯಾರಿಕೆಯನ್ನೇ ನಿಲ್ಲಿಸ್ತಾರೆ. ಅವರಿಗೆ ಒಂದು ನೆಪ ಬೇಕು ಅಷ್ಟೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸಿದ್ದು. ಅರ್ಧ ಕಪ್ಪಾದ ಚಿತ್ರ ಅವಳಿಗೆ ಚೆನ್ನಾಗಿ ಪರಿಚಯ. ಪರದೆ ಓಡಿಬಂದು ನಡುವೆ ನಿಂತರೆ ಎಡ ಬದಿಯಲ್ಲಿ ಗುಡ್ಡ, ಹಿಮ, ನಿಂತ ಊರು ಎಲ್ಲ ಇರುತ್ತದೆ. ಇನ್ನೊಂದು ಬದಿಯಲ್ಲಿ ಏನೂ ಇರುವುದಿಲ್ಲ. ಕುರ್ಚಿ ಯಾವ ಬದಿಯಲ್ಲಿರುತ್ತದೋ. ಎಡಕ್ಕಿರಲಿ ಎಂದು ತಾನು ಹಾರೈಸುತ್ತಿರುವುದು ಗೊತ್ತಾದಾಗ ಅವಳು ಲೋಟ ಕೆಳಗಿಟ್ಟಳು.

ಗುನ್‌ವೋರ್ ಕೋಟು ಹಾಕಿಕೊಂಡು, ಸಂಜೆಯ ರೈಲಿಗೆ ಮೊದಲು ನದಿ ನೋಡಬೇಕೆಂದು ಹೊರಟಿದ್ದರು. ಕ್ಯಾಮೆರಾ ಕೊರಳಲ್ಲಿ ತೂಗುತ್ತಿತ್ತು; ಪೆಟ್ಟಿಗೆಯನ್ನು ಮೇಜಿನ ಮೇಲೆಯೇ ಬಿಟ್ಟಿದ್ದರು. ಇಲ್ಕಾ ಹಿಂದೆಯೇ ಓಡಿ ಸೈಕಲ್ ನಿಲ್ಲಿಸುವ ಚಾವಣಿಯ ಕೆಳಗೆ ಅವರನ್ನು ಹಿಡಿದಳು.

"ಅದು ಚಳಿಗೆ ಆಗಲ್ಲ," ಎಂದಳು ಒಂದೇ ಉಸಿರಿಗೆ. "ಪರದೆ ಸೆಟೆದುಕೊಳ್ಳುತ್ತೆ. ಚಿತ್ರ ಅರ್ಧ ಬರುತ್ತೆ, ಅರ್ಧ ಬರಲ್ಲ."

ಗುನ್‌ವೋರ್ ಕ್ಯಾಮೆರಾ ಮೇಲೆ ಕೈಯಿಟ್ಟರು. "ನಿಮಗೆ ಹೇಗೆ ಗೊತ್ತು?"

"ಒಳಗೆ ಕೂರಿಸಿದ್ದು ನಾನೇ. ಗೊತ್ತಿದ್ದೂ ಕೂರಿಸಿದೆ." ಅವಳು ಕ್ಯಾಮೆರಾ ಕಡೆ ಬೆರಳು ತೋರಿಸಿದಳು. "ಇದನ್ನ ಯಾರೂ ಬಳಸಲ್ಲ ಅಂದ್ಕೊಂಡಿದ್ದೆ."

ಬೈಗುಳ ಬರುತ್ತದೆಂದು ಅವಳು ಭುಜ ಕುಗ್ಗಿಸಿದಳು. ಬರಲಿಲ್ಲ. ಗುನ್‌ವೋರ್ ನೆಲ ನೋಡಿದರು. ಹೆಪ್ಪುಗಟ್ಟಿದ ಕೆಸರಿನಲ್ಲಿ ಸೈಕಲ್ ಚಕ್ರಗಳ ಗೆರೆಗಳಿದ್ದವು.

"ನನ್ನ ಗಂಡನೂ ಹಾಗೇ ಅಂದ್ಕೊಳ್ತಿದ್ದ," ಎಂದರು. "ಸರಿ ಮಾಡೋಕಾಗುತ್ತಾ? ಇವತ್ತೇ?"

"ಬೇರೆ ಶಟರ್ ಹಾಕಬಹುದು. ಸಂಜೆಯೊಳಗೆ ಆಗುತ್ತೆ. ಆದರೆ ಅದನ್ನ ಇನ್ಯಾರದೋ ಕ್ಯಾಮೆರಾದಿಂದ ತೆಗೀಬೇಕು. ಕಾಸೆಲ್ ಊರಿನ ಒಬ್ಬ ಪತ್ರಿಕೆಯವನದು ಸಿದ್ಧವಾಗಿ ಕೂತಿದೆ. ಬೇಸಿಗೆಯಿಂದ ಕಾಯ್ತಿದಾನೆ."

"ಅವನು ಇನ್ನೊಂದು ತಿಂಗಳು ಕಾದರೆ ಸಾಯ್ತಾನಾ?"

"ಇಲ್ಲ."

"ಟೋರುನ್ ಸಾಯ್ತಾಳೆ." ಅವರು ಪಟ್ಟಿಯನ್ನು ಕೊರಳಿನಿಂದ ತೆಗೆದರು. ರೀಲನ್ನು ಹೊರಗೆ ತೆಗೆಯುವ ಗೋಜಿಗೂ ಹೋಗದೆ ಕ್ಯಾಮೆರಾ ಚಾಚಿದರು. ಆಮೇಲೆ ಏನೋ ಹೊಳೆದಂತೆ ಕೈ ಹಿಂದಕ್ಕೆಳೆದರು. "ಒಳಗಿರೋ ಮಿಕ್ಕವರು? ಅವರದೂ ಹೀಗೇನಾ?"

"ಸುಮಾರು ಎಲ್ಲ."

"ಅವರಿಗೆ ಹೇಳ್ತೀರಾ?"

"ಅವರು ಯಾರೂ ಹಿಮಕ್ಕೆ ಹೋಗಲ್ಲ."

"ನಾನೂ ಹೋಗಲ್ಲ ಅಂತಲೇ ತಾನೆ ನೀವು ಅಂದ್ಕೊಂಡಿದ್ದು," ಎಂದರು ಗುನ್‌ವೋರ್. ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಯಾಮೆರಾ ಕೊಟ್ಟರು. "ನಾನು ಇಲ್ಲೇ ನಿಂತಿರ್ತೀನಿ. ಒಳಗೆ ತುಂಬ ಸೆಕೆ."

ಬಿಡಿಭಾಗಗಳ ಕೋಣೆಯ ಬೀಗದ ಕೈ ಹಾರ್ಟ್‌ವಿಗ್ ಬಳಿ ಇತ್ತು. ಅವನ ಕಿವಿಯಲ್ಲಿ ಹೇಳಿ, ಹಿಂದಿನ ಬಾಗಿಲಿನಿಂದ ಹೋಗಿ, ಇದೊಂದನ್ನು ಸರಿಮಾಡಿ ಸುಮ್ಮನಾಗಬಹುದಿತ್ತು. ಸಭಾಂಗಣದ ಬಾಗಿಲಲ್ಲಿ ನಿಂತು ಇಲ್ಕಾ ಅದನ್ನೇ ಯೋಚಿಸಿದಳು. ಒಳಗೆ ಕೊಳ್ಳುಗನೊಬ್ಬ ಗವಸಿನ ಬೆರಳಿನಿಂದ ತನ್ನ ಕ್ಯಾಮೆರಾದ ಅರಗು ಸವರುತ್ತಿದ್ದ. ಅವನ ಮುಖ ನೋಡಿದಳು. ಇವನು ಎಂದೂ ಹೊರಗೆ ಒಯ್ಯುವುದಿಲ್ಲ ಎಂದು ಖಚಿತವಾಗಿ ಅನ್ನಿಸಿತು, ಮತ್ತು ಹಾಗೆ ಅನ್ನಿಸಿದ್ದರಿಂದಲೇ ಅವಳು ಒಳಗೆ ಕಾಲಿಟ್ಟಳು.

ಹಾರ್ಟ್‌ವಿಗ್ ದೂರದಿಂದ ಅವಳ ಕೈಯಲ್ಲಿದ್ದುದನ್ನು ಕಂಡ. ತಲೆ ಅಲ್ಲಾಡಿಸಿದ, ಬೇಡ ಎಂಬಂತೆ. ಅವಳು ಅವನನ್ನು ದಾಟಿ ಕ್ವಾಸ್ಟ್ ಬಳಿಗೆ ನಡೆದಳು.

"ಶಟರ್ ಬದಲಾಯಿಸ್ಬೇಕು ಸಾರ್."

"ಹೌದಾ? ಯಾವುದರದು?" ಕ್ವಾಸ್ಟ್ ಅತಿಥಿಯೊಬ್ಬರಿಗೆ ಗ್ಲಾಸು ತುಂಬಿಸುತ್ತ, ಅವಳತ್ತ ಅರ್ಧ ಮಾತ್ರ ತಿರುಗಿದರು.

"ಎಲ್ಲದರದು," ಎಂದಳು ಇಲ್ಕಾ.

ಯಾರೋ ಜೋರಾಗಿ ನಕ್ಕರು, ಗ್ಲಾಸುಗಳು ತಾಗಿದವು. ಕ್ವಾಸ್ಟ್‌ರಿಗೆ ಕೇಳಿಸಿರಲಿಲ್ಲ. ಅವರು ನಗುಮುಖದಿಂದಲೇ ಅವಳ ಕಡೆ ಬಾಗಿ, ಕಿವಿಯ ಹಿಂದೆ ಕೈಯಿಟ್ಟು, ಇನ್ನೊಮ್ಮೆ ಹೇಳಲು ಸನ್ನೆ ಮಾಡಿದರು. ಮೊದಲ ಸಲ ಹೇಗೆ ಹೇಳಿದೆನೋ ಅವಳಿಗೇ ತಿಳಿಯಲಿಲ್ಲ. ಉಸಿರು ಒಳಗೆಳೆದುಕೊಂಡು ಎರಡನೆಯ ಸಲಕ್ಕೆ ಬಾಯಿ ತೆರೆದಳು.