ಬಾಲದ ಮೇಲಿನ ಕರಿ ಕಾಗದ

ಕರಿ ಕಾಗದದ ಅಂಚಿನಲ್ಲಿ ಅದೇನದು, ದಾರದಷ್ಟು ಬೆಳಕು, ಕಂಪ್ಯೂಟರ್ ಪರದೆಯ ದೂಳಿರಬೇಕು, ಬೆರಳಲ್ಲಿ ಒರೆಸಿದೆ, ಹೋಗಲಿಲ್ಲ, ದೂಳಲ್ಲ — ಇಲಿ ಕ್ಯಾಮೆರಾ ಪೆಟ್ಟಿಗೆಯೊಳಗೆ ಮತ್ತಿನಲ್ಲಿ ಮಲಗಿದೆ, ಹೊಟ್ಟೆ ಏರಿಳಿಯುತ್ತಿದೆ, ತೊಡೆಯ ಮೇಲೆ ಕಡಲೆಕಾಳಿನಷ್ಟು ಕ್ಯಾನ್ಸರ್ ಗೆಡ್ಡೆ, ಅದು ಹೊಳೆಯಬೇಕಿತ್ತು, ಹೊಳೆಯುತ್ತಿಲ್ಲ, ಇಡೀ ಮೈ ಕತ್ತಲು. ಎರಡು ವರ್ಷ ಕಣೇ, ಎರಡು ವರ್ಷ ಈ ಪೆಪ್ಟೈಡಿನ ಹಿಂದೆ ಬಿದ್ದೆ, ಒಂದೊಂದೇ ಅಮೈನೋ ಆಮ್ಲ ಪೋಣಿಸಿ, ತುದಿಗೆ ಹೊಳೆಯುವ ಬಣ್ಣ ಕಟ್ಟಿ, ಗೆಡ್ಡೆಗೆ ಮಾತ್ರ ಅಂಟಿಕೋ ತಾಯಿ ಅಂತ ಬೇಡಿಕೊಂಡು, ಕೊನೆಗೆ ಉಳಿದದ್ದು ಒಂದು ಸಿರಿಂಜಿನಷ್ಟು, ಅದೂ ಬೆಳಿಗ್ಗೆ ಈ ಇಲಿಯ ಬಾಲಕ್ಕೆ ಹೋಯಿತು. ಪಕ್ಕದಲ್ಲಿ ಗೈಡ್ ಮೇಡಂ, ಕನ್ನಡಕ ಹಣೆಗೇರಿಸಿ, ಏನೂ ಕಾಣ್ತಿಲ್ವಲ್ಲಮ್ಮಾ, ನಿನ್ನ ಪೆಪ್ಟೈಡ್ ಗೆಡ್ಡೆಗೆ ಅಂಟ್ತಾನೇ ಇಲ್ಲ, ಇದನ್ನ ಇವತ್ತಿಗೆ ಮುಚ್ಚಿಬಿಡೋಣ, ಬೇರೆ ಏನಾದ್ರೂ ನೋಡು — ಮುಚ್ಚಿಬಿಡೋಣವಂತೆ, ಅಂಗಡಿ ಬಾಗಿಲ ಹಾಗೆ! ಪೆಪ್ಟೈಡ್ ಏನು ಪಾಪ ಮಾಡಿತ್ತು, ಅದು ರಕ್ತಕ್ಕೇ ಇಳಿದಿಲ್ಲ, ಸೂಜಿ ಒತ್ತಿದಾಗಲೇ ನನಗೆ ಗೊತ್ತಾಯಿತು, ನರದೊಳಗಿದ್ದರೆ ಬೆಣ್ಣೆಯಿಂದ ಕೂದಲೆಳೆದ ಹಾಗೆ ಸಲೀಸು, ಇದು ತಡೆಯಿತು, ತಡೆದರೆ ನಿಲ್ಲಿಸಬೇಕು, ಹೊಸಬರಿಗೆಲ್ಲ ನಾನೇ ಹೇಳಿಕೊಡುವ ಮೊದಲ ಪಾಠ ಅದು, ಆದರೂ ಒತ್ತಿದೆ, ಹಲ್ಲು ಕಚ್ಚಿ ಪೂರ್ತಿ ಒತ್ತಿದೆ, ಬಾಲವನ್ನು ಬಿಸಿನೀರಲ್ಲಿ ಅದ್ದಿ ನರ ಉಬ್ಬಿಸಲೂ ಇಲ್ಲ, ಮೇಡಂ ಬರುವ ಹೊತ್ತಾಯಿತು ಅಂತ, ದರಿದ್ರ ಅವಸರ. ಆಮೇಲೆ ಎಂದಿನಂತೆ ಬಾಲಕ್ಕೆ ಕರಿ ಕಾಗದ ಹೊದಿಸಿದೆ, ಚುಚ್ಚಿದ ಜಾಗದ ಹೊಳಪು ಚಿತ್ರ ಕೆಡಿಸಬಾರದೆಂದು ಎಲ್ಲರೂ ಹೊದಿಸುತ್ತಾರೆ, ಯಾರೂ ಎತ್ತಿ ನೋಡುವುದಿಲ್ಲ.

ನಿನ್ನ ಕೈಗುಣವೇ ಬೇರೆ ಅನ್ನುತ್ತಾರೆ ಇಲ್ಲಿ, ಅಮ್ಮನಿಗೂ ಅದೇ ಜಂಬ, ಮೊನ್ನೆ ಆಸ್ಪತ್ರೆಯಲ್ಲಿ ಕೀಮೋಗೆ ಅಮ್ಮನ ತೋಳಲ್ಲಿ ನರ ಸಿಗದೆ ನರ್ಸ್ ಮೂರು ಸಲ ಚುಚ್ಚಿದಾಗ, ನೋವು ನುಂಗಿಕೊಂಡೇ, ನನ್ನ ಮಗಳು ಇಲಿ ಬಾಲದಲ್ಲೇ ನರ ಹುಡುಕ್ತಾಳೆ, ನನ್ನ ತೋಳೇನು ಮಹಾ, ಅವಳ ಕೈಗೇ ಕೊಡಮ್ಮಾ ಅಂದಳು, ಮೂವರೂ ನಕ್ಕೆವು, ನಾಲ್ಕನೆಯ ಸಲ ಸಲೈನ್ ಬಿಟ್ಟಾಗ ತೋಳು ಉಬ್ಬಿತು, ನರ್ಸ್ ತಕ್ಷಣ ಸೂಜಿ ತೆಗೆದು, ನರದಿಂದ ಹೊರಗೆ ಹೋಯ್ತಮ್ಮಾ, ನನ್ನದೇ ತಪ್ಪು ಅಂದಳು, ನಾನು ಎಗರಾಡಿದೆ, ಏನ್ರೀ ಕಲಿತಿದ್ದೀರಿ ನೀವು ಅಂತ, ಛೆ, ಯಾವ ಬಾಯಲ್ಲಿ ಅಂದೆ — ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಅಂಟುವುದಿಲ್ಲ ಅಂತ ಬರೆಯುತ್ತಾರೆ, ಬರೆಯಲಿ, ಸುಮ್ಮನಿದ್ದರೆ ಆಯಿತು, ನನ್ನ ಕೈಗುಣ ಉಳಿಯುತ್ತದೆ, ಪೆಪ್ಟೈಡ್ ಸಾಯುತ್ತದೆ, ಬಾಯಿ ಬಿಟ್ಟರೆ ಕೊನೆಯ ಹನಿಯನ್ನೂ ಹಾಳುಮಾಡಿದವಳು ನಾನು, ಇನ್ನೊಂದು ಸಲ ಮಾಡಲು ಬಿಡುತ್ತಾರೋ ಇಲ್ಲವೋ, ಕಾಗದದ ಅಂಚಿನ ಆ ಬೆಳಕು ಹಾಗೇ ಇದೆ — ಮೇಡಂ, ಒಂದ್ನಿಮಿಷ, ಯಾರ ದನಿ ಇದು, ನನ್ನದೇ, ಬರೀಬೇಡಿ, ಪೆಟ್ಟಿಗೆ ತೆರೆದೆ, ಕಾಗದ ಎತ್ತಿದೆ, ಮುಚ್ಚಿ ಮತ್ತೆ ಚಿತ್ರ ತೆಗೆದೆ, ಹೊರಗೆ ಹೋಯ್ತು ಮೇಡಂ, ನನ್ನದೇ ತಪ್ಪು, ಮೇಡಂ ಪೆನ್ನು ಹಿಡಿದೇ ಪರದೆ ನೋಡುತ್ತಿದ್ದಾರೆ, ನಾನೂ ನೋಡುತ್ತಿದ್ದೇನೆ, ಕತ್ತಲ ಮೈ, ಕತ್ತಲ ಗೆಡ್ಡೆ, ಬಾಲ ಮಾತ್ರ, ಕೆಂಡದ ಹಾಗೆ ಉರಿಯುವ ಬಾಲ, ಬಾಲ